ನಸರುಲ್ಲಾ ಸಾಹೇಬರು ಬರೆಸಿದ ಬೋರ್ಡು

ಅರ್ಜಿ ಇನ್ನೂ ಅಂಚೆಗೆ ಬಿದ್ದಿರಲಿಲ್ಲ, ಬೋರ್ಡು ಆಗಲೇ ಬರೆದು ಮುಗಿದಿತ್ತು. ಗೋಣಿಬೀಡಿನ ಜೀಪ್ ಮೆಕ್ಯಾನಿಕ್ ನಸರುಲ್ಲಾ ಸಾಹೇಬರ ಕೆಲಸವೇ ಹಾಗೆ. ಪಾರ್ಟು ಊರಿಗೆ ಬರುವ ಮೊದಲೇ ಇಂಜಿನ್ ಬಿಚ್ಚಿ ನೆಲದ ತುಂಬ ಹರವಿಕೊಂಡು ಕೂರುವ ಮನುಷ್ಯ ಅವರು. ಮಗಳು ಅನ್ವರಿ ಸೂಜಿ ಚಿಕಿತ್ಸೆ ಕಲಿಯಬೇಕೆಂದಿದ್ದಾಳೆ ಎಂದು ತಿಳಿದ ವಾರದೊಳಗೆ ಮೂಡಿಗೆರೆಗೆ ಹೋದರು. ಲಾರಿಗಳ ಮೇಲೆ ಹೂವು ಹಕ್ಕಿ ಬರೆಯುವ ರಜಬ್ ಅಲಿಯನ್ನು ಹಿಡಿದು, ಮೂರಡಿ ತಗಡಿಗೆ ಬಿಳಿ ಬಣ್ಣ ಹೊಡೆಸಿ, ಹಸಿರು ಅಕ್ಷರದಲ್ಲಿ 'ಡಾ. ಅನ್ವರಿ, ಸೂಜಿ ಚಿಕಿತ್ಸೆ' ಎಂದು ಬರೆಸಿಕೊಂಡೇ ಬಂದರು. 'ಡಾ.' ಮಾತ್ರ ಮಿಕ್ಕ ಅಕ್ಷರಗಳಿಗಿಂತ ಎರಡು ಪಾಲು ದೊಡ್ಡದಾಗಿತ್ತು. ಅದರ ಸುತ್ತ ರಜಬ್ ಅಲಿ ಪ್ರೀತಿಯಿಂದ ಒಂದು ಬಳ್ಳಿಯನ್ನೂ ಬಿಡಿಸಿದ್ದ.

ಆ 'ಡಾ.' ಇನ್ನೂ ಮದ್ರಾಸಿನಲ್ಲಿತ್ತು ಎಂಬುದು ಬೇರೆ ಮಾತು.

ಇದು ಎಂಬತ್ತೆರಡನೇ ಇಸವಿಯ ಡಿಸೆಂಬರಿನ ಸಂಗತಿ. ಅನ್ವರಿಗೆ ಆಗ ಇಪ್ಪತ್ತೇಳು ವರ್ಷ. ಊರಿಂದ ಒಂದು ಮೈಲಿ ದೂರದ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಏಳು ವರ್ಷದಿಂದ ನರ್ಸು. ಹಿಂದಿನ ಬೇಸಿಗೆಯಲ್ಲಿ ಚಿಕ್ಕಮಗಳೂರಿನಲ್ಲಿ ಹತ್ತು ದಿನ ಸೂಜಿ ಚಿಕಿತ್ಸೆಯ ಶಿಬಿರ ನಡೆದಾಗ ಎಸ್ಟೇಟಿನವರು ಅವಳನ್ನು ಕೆಲಸಕ್ಕೆ ಕಳಿಸಿದ್ದರು. ಅಲ್ಲಿ ಡಾಕ್ಟರ್ ಓಂಕಾರಮೂರ್ತಿ ಕೂದಲೆಳೆಯಂಥ ಸೂಜಿಗಳನ್ನು ಜನರ ಮೊಣಕಾಲಿಗೆ, ಮೊಣಕೈಗೆ, ಕಿವಿಯ ಅಂಚಿಗೆ ಹಾಕುವುದನ್ನು ಕಂಡಳು. ಕೋಲೂರಿಕೊಂಡು ಬಂದ ಮುದುಕಿ ಐದನೇ ದಿನ ಕೋಲನ್ನು ಕಂಕುಳಲ್ಲಿಟ್ಟುಕೊಂಡು ನಡೆದುಹೋದದ್ದನ್ನೂ ಕಂಡಳು. ಹುಷಾರಾಗದೆ ಬೈದುಕೊಂಡು ಹೋದವರನ್ನು ಕಂಡದ್ದೂ ಉಂಟು. ಆದರೂ ಆ ಹತ್ತು ದಿನ ಅವಳಿಗೆ ಹಸಿವು ನಿದ್ರೆ ನೆನಪಿರಲಿಲ್ಲ. ಮಾತ್ರೆ ಎಣಿಸಿ ಪೊಟ್ಟಣ ಕಟ್ಟಿ ಕೊಡುವುದರ ಆಚೆಗೂ ತನ್ನ ಕೈಗೆ ಕೆಲಸವಿದೆ ಅನ್ನಿಸಿಬಿಟ್ಟಿತ್ತು.

ಶಿಬಿರ ಮುಗಿದ ದಿನ ಡಾಕ್ಟರು ಅವಳಿಗೆ ಐದು ಸೂಜಿ ಕೊಟ್ಟು, "ನಿಮ್ಮ ಕಾಲಿಗೇ ಹಾಕ್ಕೊಂಡು ಅಭ್ಯಾಸ ಮಾಡಿ" ಎಂದಿದ್ದರು. ಜೊತೆಗೆ ಇನ್ನೊಂದು ಮಾತು ಹೇಳಿದ್ದರು. "ಸೂಜಿ ಒಳಗೆ ಹೋಯ್ತು ಅನ್ನೋದು ದೊಡ್ಡ ವಿಷಯ ಅಲ್ಲ. ಸರಿಯಾದ ಜಾಗದಲ್ಲಿ ಕೂತ್ರೆ ಅಲ್ಲಿ ಚುಚ್ಚೋದಿಲ್ಲ, ಉರಿಯೋದಿಲ್ಲ. ಭಾರ ಆಗ್ತದೆ, ಜೋಮು ಹಿಡಿದ ಹಾಗೆ. ಅದು ಹೊರಗಿಂದ ನಮಗೆ ಕಾಣೋದಿಲ್ಲ. ರೋಗಿ ಬಾಯಿಬಿಟ್ಟು ಹೇಳ್ಬೇಕು. ಅವರು ಹೇಳ್ದೆ ಇದ್ರೆ ನಾವು ಕುರುಡರು." ಅನ್ವರಿ ಇದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಬರೆದುಕೊಂಡ ಮಾತು ತಲೆಗೆ ಹೋಗಬೇಕೆಂದೇನೂ ಇಲ್ಲವಲ್ಲ.

ಮದ್ರಾಸಿನ ಸಂಸ್ಥೆಯೊಂದರಿಂದ ಬಂದ ಪುಸ್ತಿಕೆಯಲ್ಲಿ ಮೂರು ದಾರಿಗಳಿದ್ದವು. ಮೂರು ತಿಂಗಳ ಸರ್ಟಿಫಿಕೇಟ್ ಮಾಡಿದರೆ ಇನ್ನೊಬ್ಬರ ಕೈಕೆಳಗೆ ಮಾತ್ರ ಕೆಲಸ. ಒಂದು ವರ್ಷದ ಡಿಪ್ಲೊಮಾಕ್ಕೆ ವಾರದಲ್ಲಿ ಮೂರು ದಿನ ಸಂಸ್ಥೆ ಒಪ್ಪಿದ ಡಾಕ್ಟರೊಬ್ಬರ ಪಕ್ಕದಲ್ಲಿ ಕೂತು, ಅವರ ಕಣ್ಣೆದುರೇ ರೋಗಿಗಳಿಗೆ ಸೂಜಿ ಹಾಕಿ ಕಲಿಯಬೇಕು. ಈ ಸೀಮೆಗೆ ಅಂಥವರು ಚಿಕ್ಕಮಗಳೂರಿನ ಓಂಕಾರಮೂರ್ತಿಯವರೊಬ್ಬರೇ. ಮೂರನೆಯದು ಒಂದೂವರೆ ವರ್ಷದ ಡಾಕ್ಟರ್ ಪದವಿ. ಪಾಠಗಳೆಲ್ಲ ಅಂಚೆಯಲ್ಲಿ ಬರುತ್ತವೆ, ಎರಡು ಸಲ ಹದಿನೈದು ದಿನ ಮದ್ರಾಸಿಗೆ ಹೋಗಿ ಬಂದರೆ ಸಾಕು, ಪಾಸಾದವರು ಹೆಸರಿಗೆ ಮೊದಲು 'ಡಾ.' ಹಾಕಿಕೊಳ್ಳಬಹುದು. ಒಂದಕ್ಕೆ ಸೇರಿದವರು ಮೂರು ವರ್ಷ ಇನ್ನೊಂದಕ್ಕೆ ಅರ್ಜಿ ಹಾಕುವಂತಿಲ್ಲ. ಡಿಸೆಂಬರ್ ಮೂವತ್ತೊಂದು ಕೊನೆಯ ದಿನ.

ನಸರುಲ್ಲಾ ಸಾಹೇಬರಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. "ಬಸ್ಸು ಅರ್ಧ ದಾರೀಲಿ ಅಲ್ದೂರಿಗೂ ಹೋಗ್ತದೆ, ಕೊನೇಲಿ ಚಿಕ್ಕಮಗಳೂರಿಗೂ ಹೋಗ್ತದೆ. ಚಿಕ್ಕಮಗಳೂರಿಗೆ ಟಿಕೆಟ್ ಸಿಗೋವಾಗ ಅಲ್ದೂರಲ್ಲಿ ಯಾಕೆ ಇಳೀತಿ ಮಾರಾಯ್ತಿ?" ಎಂದರು. ತಾಯಿ ರೌಶನ್ ಬೀ ಅಕ್ಕಿ ಆರಿಸುತ್ತ, "ನನ್ನನ್ನು ಕೇಳ್ಬೇಡಿ. ಆಕ್ಯುಪಂಕ್ಚರ್ ಅಂದಾಗ ನಾನು ಇವಳೂ ಅಪ್ಪನ ಹಾಗೆ ಟೈರಿಗೆ ಪಂಕ್ಚರ್ ಹಾಕೋಕೆ ಹೊರಟಳು ಅಂದ್ಕೊಂಡಿದ್ದೆ" ಎಂದು ನಕ್ಕರು.

ಅನ್ವರಿಗೂ ಡಾಕ್ಟರ್ ಪದವಿಯ ಆಸೆಯಿತ್ತು. ಆಸೆ ಎಂದರೆ ಕಡಿಮೆಯಾಯಿತು, ಗಂಟಲವರೆಗೆ ಬಂದು ನಿಂತಿತ್ತು. ಪ್ರತಿ ಮಂಗಳವಾರ ಮೂಡಿಗೆರೆಯಿಂದ ಎಸ್ಟೇಟಿಗೆ ಒಬ್ಬ ಡಾಕ್ಟರು ಬರುತ್ತಿದ್ದರು. ಕೆಟ್ಟವರಲ್ಲ, ಔಷಧಿಯನ್ನೂ ಸರಿಯಾಗಿಯೇ ಬರೆಯುತ್ತಿದ್ದರು. ಆದರೆ ಏಳು ವರ್ಷದಲ್ಲಿ ಒಮ್ಮೆಯೂ ಅವಳ ಹೆಸರು ಹಿಡಿದು ಕರೆದವರಲ್ಲ. "ಸಿಸ್ಟರ್, ರಿಜಿಸ್ಟರ್" ಎನ್ನುವರು, ಸಹಿ ಹಾಕುವರು, ಜೀಪು ಹತ್ತುವರು. ಅವರು ಬಂದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಣಪಯ್ಯ ತಾನೇ ಕುರ್ಚಿ ಒರೆಸಿ ಕೊಡುತ್ತಿದ್ದ. ಅನ್ವರಿ ಕೂರುವುದು ಸ್ಟೂಲಿನ ಮೇಲೆ. ಆ ಕುರ್ಚಿಯನ್ನು ನೋಡಿ ಅವಳು ಹೊಟ್ಟೆ ಉರಿದುಕೊಂಡದ್ದುಂಟು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಡಿಪ್ಲೊಮಾಕ್ಕೆ ಹೋದರೆ ವಾರದಲ್ಲಿ ಮೂರು ದಿನ ಬೆಳಗಿನ ಬಸ್ಸಿಗೆ ಓಡಬೇಕು, ಎಸ್ಟೇಟಿನಲ್ಲಿ ಅರ್ಧ ಕೆಲಸದವಳಾಗಬೇಕು, ಕೊನೆಗೂ ನರ್ಸಮ್ಮನಾಗಿಯೇ ಉಳಿಯಬೇಕು. ಇದು ಯಾವ ನ್ಯಾಯ? ಯಾವುದಕ್ಕೆ ಸೇರಲಿ ಎಂದು ಓಂಕಾರಮೂರ್ತಿಯವರಿಗೆ ಕಾಗದ ಬರೆದು ಕೇಳಿದಳು. ಅವರಿಂದ ಒಂದು ಕಾರ್ಡು ಬಂತು. "ಎರಡೂ ಒಳ್ಳೆಯವೇ. ನಿಮಗೆ ಏನು ಬೇಕೆಂದು ನಿಮಗೆ ಗೊತ್ತಿರಬೇಕು." ಕೇಳದಿದ್ದರೂ ಬುದ್ಧಿ ಹೇಳುವ ಜನ ಊರು ತುಂಬ ಇರುವಾಗ, ಕೇಳಿದರೂ ಹೇಳದವರು ಇವರೊಬ್ಬರೇ ಸಿಕ್ಕಿದ್ದರು. ಅನ್ವರಿ ಸಿಟ್ಟಿನಿಂದ ಕಾರ್ಡನ್ನು ಪುಸ್ತಿಕೆಯೊಳಗೆ ತುರುಕಿದಳು.

ಮಂಗಳವಾರಗಳಂದು ಇನ್ನೊಂದು ತಮಾಷೆ ನಡೆಯುತ್ತಿತ್ತು. ಹಣ್ಣು ಕೊಯ್ಯುವ ವಸಂತಮ್ಮನಿಗೆ ಎರಡು ವರ್ಷದಿಂದ ಮೊಣಕಾಲು ನೋವು. ಸಾಲಿನಲ್ಲಿ ನಿಂತು, ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬರುವಳು. ಡಾಕ್ಟರು "ಹೇಗಿದೆ?" ಎನ್ನುವರು. "ಗುಣ ಆಗದೆ ಸ್ವಾಮಿ, ನಿಮ್ಮ ಔಷಧಿ ಬಾಳ ಚೆನ್ನಾಗದೆ" ಎನ್ನುವಳು. ಅವರು ಅದೇ ಮಾತ್ರೆಯನ್ನು ಮತ್ತೆ ಬರೆಯುವರು. ಜೀಪು ಗೇಟು ದಾಟಿದ್ದೇ ತಡ, ಡಿಸ್ಪೆನ್ಸರಿಯ ಹಿಂದಿನ ಕಿಟಕಿಯಲ್ಲಿ ವಸಂತಮ್ಮನ ತಲೆ ಕಾಣುವುದು. "ನರ್ಸಮ್ಮಾ, ಒಂಚೂರೂ ಕಮ್ಮಿ ಇಲ್ಲ ಕಣವ್ವ. ಆ ಮಾತ್ರೆ ತಗಂಡ್ರೆ ಹೊಟ್ಟೆ ಉರೀತದೆ, ಕೋಳಿಗೆ ಹಾಕ್ತಿದೀನಿ." ಅವಳೊಬ್ಬಳೇ ಅಲ್ಲ. ಮುಂದಿನ ಬಾಗಿಲಲ್ಲಿ ಗುಣವಾದವರೆಲ್ಲ ಹಿಂದಿನ ಕಿಟಕಿಯಲ್ಲಿ ನರಳುತ್ತಿದ್ದರು. ದೊಡ್ಡವರು ಅಷ್ಟು ದೂರದಿಂದ ಬಂದು ಕೇಳುವಾಗ ಇಲ್ಲ ಎನ್ನುವುದು ಆ ತೋಟದ ಜನಕ್ಕೆ ಮರ್ಯಾದೆಯ ವಿಷಯವಾಗಿರಲಿಲ್ಲ. ಏಳು ವರ್ಷ ಅನ್ವರಿ ಇದಕ್ಕೆ ನಕ್ಕಿದ್ದಳು. ಮನೆಗೆ ಬಂದು ವಸಂತಮ್ಮನ ದನಿಯಲ್ಲೇ ಹೇಳಿ ಅಬ್ಬಾ ಅಮ್ಮಿಯನ್ನೂ ನಗಿಸಿದ್ದಳು. ಅಷ್ಟೇ, ಅದರಾಚೆ ಯೋಚಿಸಿರಲಿಲ್ಲ.

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ನಸರುಲ್ಲಾ ಸಾಹೇಬರು ಗ್ಯಾರೇಜಿನಿಂದ ಕೂಗಿದರು. "ಡಾಕ್ಟ್ರೇ, ಪೇಷೆಂಟ್ ಬಂದು ಕೂತಿದಾರೆ."

ಅನ್ವರಿ ಹೋಗಿ ನೋಡಿದರೆ ಪೇಷೆಂಟ್ ಅವರೇ. ಬಲಗೈ ತೋಳು ಮಡಚಿ, ತೊಳೆದ ಅಂಗಿ ಹಾಕಿಕೊಂಡು, ಜೀಪಿನ ಸೀಟನ್ನೇ ಕುರ್ಚಿ ಮಾಡಿಕೊಂಡು ಕೂತಿದ್ದರು. ಮೂವತ್ತು ವರ್ಷ ಜೀಪಿನಡಿ ಮಲಗಿ ಸ್ಪ್ಯಾನರ್ ತಿರುಗಿಸಿದ ಭುಜ ಅದು. ಚಳಿಗಾಲ ಬಂದರೆ ಕೈ ಎತ್ತಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿಸಿದ್ದ ಬೋರ್ಡನ್ನು ಇವತ್ತು ಮುಖ ಈಚೆಗೆ ಮಾಡಿ ನಿಲ್ಲಿಸಿದ್ದರು. "ನಾಳೆ ಅರ್ಜಿ ಹಾಕ್ತಿ. ಹಾಕೋ ಮುಂಚೆ ಒಂದು ಟ್ರಯಲ್ ಬೇಡ್ವ? ನಾನು ಯಾವ ಗಾಡೀನೂ ಟ್ರಯಲ್ ನೋಡ್ದೆ ಕೊಟ್ಟವನಲ್ಲ."

ಅನ್ವರಿ ಸೂಜಿಗಳನ್ನು ಸ್ಟೀಲ್ ಲೋಟದಲ್ಲಿ ಕುದಿಸಿ ತಂದಳು. ಭುಜದ ನೋವಿಗೂ ಸೂಜಿ ಹಾಕುವ ಜಾಗ ಮೊಣಕೈಯಲ್ಲೇ ಎಂದು ಶಿಬಿರದಲ್ಲಿ ಕಂಡಿದ್ದಳು. ಬಟ್ಟೆಯಿಂದ ಅಬ್ಬಾನ ಮೊಣಕೈ ಒರೆಸಿ, ಮಡಿಕೆಯ ತುದಿಯಲ್ಲಿ ಬೆರಳಿಟ್ಟು ಜಾಗ ಹುಡುಕಿದಳು. ತನ್ನ ಕಾಲಿಗೆ ನೂರಾರು ಸಲ ಹಾಕಿಕೊಂಡಿದ್ದಳು, ಇನ್ನೊಬ್ಬರ ಮೈಗೆ ಇದೇ ಮೊದಲು. ಸೂಜಿ ಸಲೀಸಾಗಿ ಇಳಿಯಿತು.

"ಏನನ್ನಿಸ್ತದೆ ಅಬ್ಬಾ?"

"ಬಹಳ ಚೆನ್ನಾಗಿದೆ ಡಾಕ್ಟ್ರೇ."

"ಭಾರ ಆಗ್ತದಾ? ಜೋಮು?"

"ಭಾರನೂ ಆಗ್ತದೆ, ಜೋಮೂ ಆಗ್ತದೆ. ಎಲ್ಲಾ ಆಗ್ತದೆ."

"ಉರೀತದಾ?"

"ಎಂಥ ಉರಿ? ಏನೂ ಇಲ್ಲ. ನೀನು ಹಾಕು."

ಅವಳು ಡಾಕ್ಟರು ಹೇಳಿಕೊಟ್ಟಂತೆ ಸೂಜಿಯನ್ನು ಬೆರಳಲ್ಲಿ ಹೊರಳಿಸಿದಳು. ಅಬ್ಬಾ ಕಣ್ಣು ಮುಚ್ಚಿಕೊಂಡರು. ನೆಮ್ಮದಿಯಿಂದ ಮುಚ್ಚಿಕೊಂಡರೆಂದು ಅವಳು ತಿಳಿದಳು. ಇಪ್ಪತ್ತು ನಿಮಿಷದ ನಂತರ ಸೂಜಿ ತೆಗೆದಾಗ, "ಅರ್ಧಕ್ಕರ್ಧ ಹೋಯ್ತು. ಇನ್ನು ಡಿಪ್ಲೊಮಾ ಗಿಪ್ಲೊಮಾ ಏನೂ ಬೇಡ, ನೀನು ಆಗ್ಲೇ ಡಾಕ್ಟ್ರು" ಎಂದರು. ಅನ್ವರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆಯೊಳಗೆ ಹೋಗಿ ಅರ್ಜಿ ತೆಗೆದು, ಮೂರನೇ ಚೌಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದಳು. ಅದರ ಮೇಲೆ ನಾಳೆ ಶಾಯಿ ಹಾಕಿದರಾಯಿತು ಎಂದುಕೊಂಡಳು.

ಮಧ್ಯಾಹ್ನ ಊಟಕ್ಕೆ ನಸರುಲ್ಲಾ ಸಾಹೇಬರು ಬರಲಿಲ್ಲ. ಜೀಪು ಸಂಜೆಯೊಳಗೆ ಕೊಡಬೇಕು, ಒಂದು ಲೋಟ ಟೀ ಸಾಕು ಎಂದು ಹೇಳಿ ಕಳಿಸಿದರು. ಟೀ ಕೊಟ್ಟು ಬಂದ ರೌಶನ್ ಬೀ ಒಳಗೆ ಬಾರದೆ ಅಡುಗೆಮನೆಯ ಬಾಗಿಲಲ್ಲೇ ನಿಂತರು.

"ಏನಮ್ಮೀ?"

"ನಿಮ್ಮಬ್ಬಾ ಎಡಗೈಲಿ ಟೀ ಕುಡಿದ್ರು" ಎಂದರು ತಾಯಿ. "ನಿಕಾಹ್ ಆಗಿ ಮೂವತ್ತು ವರ್ಷ ಆಯ್ತು. ಎಡಗೈಲಿ ನೀರು ಕುಡಿದ ಮಕ್ಕಳಿಗೆ ಬೈಯೋ ಮನುಷ್ಯ ಅದು."

ಅನ್ವರಿ ಗ್ಯಾರೇಜಿಗೆ ಓಡಿದಳು. ಅಬ್ಬಾ ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ಬೋಲ್ಟಿನ ಜೊತೆ ಗುದ್ದಾಡುತ್ತಿದ್ದರು. ಬೋಲ್ಟು ಜಪ್ಪಯ್ಯ ಎನ್ನುತ್ತಿರಲಿಲ್ಲ. ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಅವಳನ್ನು ಕಂಡು ಆ ಕೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡರು. ಅವಳು ಹೋಗಿ ಹಿಡಿದೆಳೆದು ನೋಡಿದಳು. ಮೊಣಕೈ ಪಕ್ಕದಲ್ಲಿ ನೀಲಿಗಟ್ಟಿ ಊದಿಕೊಂಡಿತ್ತು.

"ಬೆಳಿಗ್ಗೆ ಉರೀತಿತ್ತಾ?"

"ಸ್ವಲ್ಪ."

"ಅಬ್ಬಾ."

"ಸೂಜಿ ಹಾಕಿದ ತಕ್ಷಣ ಕರೆಂಟು ಹೊಡೆದ ಹಾಗಾಯ್ತು" ಎಂದು ನಸರುಲ್ಲಾ ಸಾಹೇಬರು ನೆಲ ನೋಡುತ್ತ ಒಪ್ಪಿಕೊಂಡರು. "ನೀನು ಹೊರಳಿಸಿದ್ಯಲ್ಲ, ಆಗ ಕಣ್ಣಲ್ಲಿ ನೀರೇ ಬಂತು. ಅದಕ್ಕೇ ಕಣ್ಣು ಮುಚ್ಕೊಂಡೆ."

"ಮತ್ತೆ ಚೆನ್ನಾಗಿದೆ ಅಂದ್ರಲ್ಲ. ಭಾರ, ಜೋಮು, ಎಲ್ಲಾ ಆಗ್ತದೆ ಅಂದ್ರಲ್ಲ."

ಅವರು ಸ್ಪ್ಯಾನರ್ ಕೆಳಗಿಟ್ಟು, "ಡಾಕ್ಟ್ರು ಕೇಳಿದಾಗ ಇನ್ನೇನು ಹೇಳೋದು?" ಎಂದರು.

ಅನ್ವರಿ ಜೀಪಿನ ಸೀಟಿನ ಮೇಲೆ ಕೂತಳು. ವಸಂತಮ್ಮ ವಸ್ತ್ರ ಕೈಯಲ್ಲಿ ಹಿಡಿದು 'ಗುಣ ಆಗದೆ ಸ್ವಾಮಿ' ಎನ್ನುವುದು ಅವಳ ಕಿವಿಯಲ್ಲಿ ಕೇಳಿದಂತಾಯಿತು. ಏಳು ವರ್ಷ ನಕ್ಕಿದ್ದ ತಮಾಷೆಗೆ ಈಗ ನಗು ಬರಲಿಲ್ಲ. ಮೊದಲು ನಾಚಿಕೆಯಾಯಿತು, ಅದರ ಹಿಂದೆಯೇ ಹೆದರಿಕೆ. ಹೆತ್ತ ಅಪ್ಪನೇ ಆಟಕ್ಕೆ ಡಾಕ್ಟರು ಎಂದು ಕರೆದ ಗಳಿಗೆಯಿಂದ ಸುಳ್ಳು ಹೇಳಲು ಶುರು ಮಾಡಿದ್ದರು. ನಾಳೆ ನಿಜವಾಗಿ ಆ ಬೋರ್ಡಿನಡಿ ಕೂತರೆ ಇಡೀ ಸೀಮೆ ಅದೇ ಸುಳ್ಳು ಹೇಳುತ್ತದೆ. ತಾನು ತಪ್ಪು ಜಾಗಕ್ಕೆ ಚುಚ್ಚುತ್ತಲೇ ಇರುತ್ತೇನೆ, ಜನ ಕಣ್ಣು ಮುಚ್ಚಿಕೊಂಡು ಚೆನ್ನಾಗಿದೆ ಎನ್ನುತ್ತಲೇ ಇರುತ್ತಾರೆ. ತಪ್ಪನ್ನು ತಿದ್ದಲು ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅಂಚೆಯಲ್ಲಿ ಬಂದ ಪಾಠ ಬಿಟ್ಟರೆ.

"ಅಬ್ಬಾ, ಧಣಿಗಳು ಜೀಪು ತಂದು ನಿಲ್ಲಿಸ್ತಾರಲ್ಲ, ಏನಾಗಿದೆ ಅಂತ ನೀವು ಯಾರನ್ನ ಕೇಳ್ತೀರಿ?"

"ಡ್ರೈವರನ್ನ."

"ಧಣಿಗಳ ಎದುರಿಗೇ?"

"ಎದುರಿಗೆ ಕೇಳಿದ್ರೆ ಅವನೆಲ್ಲಿ ಬಾಯಿ ಬಿಡ್ತಾನೆ? ಗಾಡಿ ಚಿನ್ನದ ಹಾಗಿದೆ ಅಂತಾನೆ. ಅವನನ್ನ ಟೀ ಕುಡಿಯೋಕೆ ಅಂತ ಆಚೆ ಕರ್ಕೊಂಡು ಹೋಗ್ಬೇಕು. ಆಗ ಹೇಳ್ತಾನೆ, ಹೊಳೇಲಿ ಇಳಿಸಿದ್ದೆ, ಬಂಡೆಗೆ ಹೊಡೆಸಿದ್ದೆ ಅಂತ..." ನಸರುಲ್ಲಾ ಸಾಹೇಬರು ಅಲ್ಲಿಗೇ ನಿಲ್ಲಿಸಿದರು. ಮಗಳ ಮುಖ ನೋಡಿದರು, ತಮ್ಮ ಮೊಣಕೈ ನೋಡಿಕೊಂಡರು. ಮಾತು ಎಲ್ಲಿಗೆ ಬಂತೆಂದು ಅವರಿಗೆ ತಿಳಿಯಿತು. ಪೆದ್ದ ಮನುಷ್ಯರೇನಲ್ಲ, ಆತುರದವರು ಅಷ್ಟೇ.

"ನಾನು ಡಿಪ್ಲೊಮಾಕ್ಕೇ ಹಾಕ್ತೀನಿ ಅಬ್ಬಾ. ಓಂಕಾರಮೂರ್ತಿ ಡಾಕ್ಟ್ರ ಎದುರು ನೂರು ಜನಕ್ಕೆ ತಪ್ಪು ಹಾಕಿ ಬೈಸ್ಕೊಂಡು ಬರ್ತೀನಿ. ಜನ ನನ್ನ ಹತ್ರ ನಿಜ ಹೇಳ್ತಿದ್ರು, ನರ್ಸಮ್ಮ ಅಂತ. ಅದನ್ನ ಕಳ್ಕೊಂಡು ಕುರ್ಚಿ ತಗೊಂಡು ಏನು ಮಾಡ್ಲಿ?"

ಅಬ್ಬಾ ಗೋಡೆಯ ಕಡೆ ತಿರುಗಿ ನೋಡಿದರು. ಆಮೇಲೆ ಕಷ್ಟದಿಂದ ಒಂದೇ ಮಾತು ಕೇಳಿದರು. "ಬೋರ್ಡು?"

ಬೋರ್ಡನ್ನು ಮತ್ತೆ ಮುಖ ಗೋಡೆಗೆ ಮಾಡಿ ನಿಲ್ಲಿಸಿದರು. ಅನ್ವರಿ ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಿ, ಎರಡನೇ ಚೌಕದಲ್ಲಿ ಶಾಯಿಯಿಂದಲೇ ಗುರುತು ಹಾಕಿದಳು. ಸೋಮವಾರ ಅರ್ಜಿ ಹೋಯಿತು. ಆ ವಾರವೆಲ್ಲ ಅವಳು ಅಬ್ಬಾನ ಕೈಗೆ ಬಿಸಿನೀರಿನ ಶಾಖ ಕೊಟ್ಟಳು.

ಆ ಒಂದು ವರ್ಷ ಚೆನ್ನಾಗಿತ್ತು. ಹೇಳಿಕೊಳ್ಳುವಷ್ಟು ಸುಖವಿರಲಿಲ್ಲ, ಆದರೂ ಚೆನ್ನಾಗಿತ್ತು. ಮೂಡಿಗೆರೆ ದಾಟಿ ಅಲ್ದೂರಿಗೆ ಬರುವಷ್ಟರಲ್ಲಿ ಬಿಸಿಲು ಬಸ್ಸಿನೊಳಕ್ಕೆ ಬೀಳುತ್ತಿತ್ತು, ಏಪ್ರಿಲಿನಲ್ಲಿ ಕಾಫಿ ಹೂವಿನ ವಾಸನೆ ಕಿಟಕಿಯಲ್ಲಿ ನುಗ್ಗುತ್ತಿತ್ತು. ಓಂಕಾರಮೂರ್ತಿಯವರು ಬೈಯುವುದರಲ್ಲಿ ಜಿಪುಣರಾಗಿರಲಿಲ್ಲ. ಮೊದಲ ತಿಂಗಳು ಅವಳು ಹಾಕಿದ ಹತ್ತರಲ್ಲಿ ಏಳನ್ನು ತೆಗೆಸಿ ಮತ್ತೆ ಹಾಕಿಸಿದರು. ಅಲ್ಲಿಯೂ ಜನ ಡಾಕ್ಟರಿಗೆ ಚೆನ್ನಾಗಿದೆ ಎಂದೇ ಹೇಳುತ್ತಿದ್ದರು. ಅನ್ವರಿ ರೋಗಿಗಿಂತ ತಗ್ಗಿನ ಸ್ಟೂಲಿನ ಮೇಲೆ ಕೂತು, ಹೇಗಿದೆ ಎಂದು ಕೇಳುವುದನ್ನೇ ಬಿಟ್ಟಳು. "ಎಲ್ಲಿ ಸರಿ ಇಲ್ಲ, ಅದನ್ನ ಹೇಳಿ" ಎನ್ನುತ್ತಿದ್ದಳು. ಬೈಯಲು ಅಪ್ಪಣೆ ಸಿಕ್ಕಿದಂತೆ ಜನ ಬಾಯಿ ಬಿಡುತ್ತಿದ್ದರು. ಒಂದು ದಿನ ಓಂಕಾರಮೂರ್ತಿಯವರೂ ತಮ್ಮ ಕುರ್ಚಿಯನ್ನು ಬದಿಗೆ ಸರಿಸಿ ಒಂದು ಸ್ಟೂಲು ತರಿಸಿಕೊಂಡರು. ಅದರ ಮೇಲೆ ಕೂತೇ ಮುಂದಿನ ರೋಗಿಯನ್ನು ಕರೆದರು.

ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ಡಿಪ್ಲೊಮಾ ಕೈಗೆ ಬಂತು. ಗ್ಯಾರೇಜಿನ ಪಕ್ಕದ ಸಾಮಾನು ಕೋಣೆಯನ್ನು ಖಾಲಿ ಮಾಡಿ ಸುಣ್ಣ ಹೊಡೆಸಿದರು. ನಸರುಲ್ಲಾ ಸಾಹೇಬರು ಬೋರ್ಡನ್ನು ಮೂಡಿಗೆರೆಗೆ ಹೊತ್ತುಕೊಂಡು ಹೋಗಿ 'ಡಾ.' ಅಳಿಸು ಎಂದರು. ರಜಬ್ ಅಲಿಗೆ ಮನಸ್ಸು ಬರಲಿಲ್ಲ. ಅಳಿಸಿದರೆ ಬಳ್ಳಿ ಖಾಲಿ ಜಾಗಕ್ಕೆ ಸುತ್ತಿಕೊಂಡಂತೆ ಕಾಣುತ್ತದಲ್ಲ. ಕಡೆಗೆ ಅಕ್ಷರದ ಮೇಲೆ ಒಂದು ಗಿಳಿ ಬರೆದುಬಿಟ್ಟ, ಕೆಂಪು ಕೊಕ್ಕಿನದು. ಹೀಗೆ ಆ ಕೋಣೆ ಊರವರ ಬಾಯಲ್ಲಿ ಗಿಳಿ ಬೋರ್ಡಿನ ಆಸ್ಪತ್ರೆಯಾಯಿತು. ಮೊದಲ ದಿನವೇ ಬಂದ ವಸಂತಮ್ಮ ಮುಂದಿನ ಬಾಗಿಲು ತೆರೆದಿದ್ದರೂ ಹಿಂದಕ್ಕೆ ಹೋಗಿ ಕಿಟಕಿ ಹುಡುಕಿ, ಅಲ್ಲಿಂದಲೇ, "ನರ್ಸಮ್ಮಾ, ನಾನು ಕಣವ್ವ" ಎಂದು ಕೂಗಿದಳು.

ಆ ದಿನ ಎಲ್ಲರೂ ಹೋದ ಮೇಲೆ, ಬಿಸಿಲು ಇನ್ನೂ ಇರುವಾಗಲೇ, ನಸರುಲ್ಲಾ ಸಾಹೇಬರು ಬಂದು ಕೂತು ತೋಳು ಮಡಚಿದರು. ಒಂದು ವರ್ಷದಿಂದ ಅವರು ಈ ಮಾತೆತ್ತಿರಲಿಲ್ಲ, ಅವಳೂ ಕೇಳಿರಲಿಲ್ಲ. ಅನ್ವರಿ ಸೂಜಿ ಕುದಿಸಿ ತಂದಳು. ಚಿಕ್ಕಮಗಳೂರಿನಲ್ಲಿ ಮುನ್ನೂರು ಜನಕ್ಕೆ ಹಾಕಿದ್ದರೂ ಇದು ಅದೇ ಮೊಣಕೈ. ಮಡಿಕೆಯ ತುದಿ ಹುಡುಕಿ ಸೂಜಿ ಇಳಿಸಿದಳು.

ಅಬ್ಬಾ ಬಾಯಿ ತೆರೆದರು. ಬಹಳ ಚೆನ್ನಾಗಿದೆ ಎನ್ನುವುದು ಅವರ ತುಟಿಯವರೆಗೆ ಬಂದದ್ದು ಅವಳಿಗೆ ಕಾಣಿಸಿತು. ಅವರು ಅದನ್ನು ನುಂಗಿಕೊಂಡರು. ಇಂಜಿನಿನ ಸದ್ದು ಕೇಳುವಾಗ ಮಾಡುವಂತೆ ತಲೆ ಓರೆ ಮಾಡಿ, ಕೈಯ ಒಳಗಿನ ಸದ್ದನ್ನು ಕೇಳಿಸಿಕೊಂಡರು.

"ಇಲ್ಲಿ ಅಲ್ಲ" ಎಂದರು. "ಇನ್ನೊಂಚೂರು ಕೆಳಗೆ."

ಯಾರು ತನ್ನನ್ನು ಡಾಕ್ಟರು ಎಂದು ಕರೆದಿದ್ದರೂ ಅನ್ವರಿಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ಅವಳು ಸೂಜಿ ತೆಗೆದು ಕೂದಲೆಳೆಯಷ್ಟು ಕೆಳಗೆ ಹಾಕಿದಳು, ಹೊರಳಿಸಿದಳು, ಕಾದಳು.

"ಹಾಂ" ಎಂದರು ನಸರುಲ್ಲಾ ಸಾಹೇಬರು. "ಈಗ ಭಾರ ಆಗ್ತಾ ಇದೆ, ಮಗಳೇ."